ಅಕ್ಕನ ವಾರ್ಡಿಗೆ ಸಕುಟುಂಬ ಸಮೇತರಾಗಿ

ಏನೂ ಬರೆಯಲು ಬಾರದ ಮನುಷ್ಯನಿಂದ ಊರಿಗೆ ಅಪಾಯವಿಲ್ಲ. ಚೆನ್ನಾಗಿ ಬರೆಯಬಲ್ಲವನಿಂದಲೂ ಅಷ್ಟಾಗಿ ಇಲ್ಲ. ಒಂದೇ ಒಂದು ಥರದ ವಾಕ್ಯ ಮಾತ್ರ ಬರೆಯಲು ಬರುವವನಿದ್ದಾನಲ್ಲ, ಅವನಿಂದ ದೂರ ಇರಬೇಕು. ನಾನು ಆ ಮೂರನೆಯ ಜಾತಿ. ಏಳನೇ ಕ್ಲಾಸಿನಲ್ಲಿ ಎರಡು ಸಲ ಕೂತು ಎರಡು ಸಲವೂ ಅಲ್ಲೇ ಉಳಿದವನು. ಆಮೇಲೆ ನಾನು ಕಲಿತ ಕನ್ನಡವೆಲ್ಲ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ, ಕಾರ್ಡು ಮಡಿಸುತ್ತಾ, ಅರಿಶಿನ ಹಚ್ಚುತ್ತಾ, ಪ್ರೂಫ್ ನೋಡುತ್ತಾ ಕಲಿತದ್ದು. ಹೀಗಾಗಿ ನಾನು ಯಾರಿಗೆ ಏನು ಬರೆದರೂ ಅದು ಕರೆಯೋಲೆಯಾಗಿಬಿಡುತ್ತದೆ. ಒಮ್ಮೆ ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ನೀರಿನ ಪೈಪು ಒಡೆದಾಗ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ತಾವು ಸಿಬ್ಬಂದಿ ಪರಿವಾರ ಸಮೇತರಾಗಿ ಆಗಮಿಸಿ, ಒಡೆದ ಪೈಪನ್ನು ದುರಸ್ತಿ ಮಾಡಿ ನಮ್ಮನ್ನು ಹರಸಬೇಕಾಗಿ ಕೋರುವ' ಎಂದು ಬರೆದು ಕೊಟ್ಟೆ. ಮಾರನೇ ದಿನವೇ ಆರು ಜನ ಬಂದರು. ಪೈಪು ನೋಡಲು ಒಬ್ಬ, ನನ್ನನ್ನು ನೋಡಲು ಐವರು.

ನಮ್ಮಕ್ಕ ರತ್ನಮ್ಮ ಟೀಚರ್ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸಿ ರಿಟೈರ್ ಆದವಳು. ಇಡೀ ಪೇಟೆಯ ಮಕ್ಕಳನ್ನು ಪಾಸು ಮಾಡಿಸಿದವಳಿಗೆ ಮನೆಯಲ್ಲಿದ್ದ ತಮ್ಮನನ್ನು ಮಾತ್ರ ದಾಟಿಸಲಾಗಲಿಲ್ಲ. ನಾವಿಬ್ಬರೂ ಮದುವೆಯಾಗಲಿಲ್ಲ. ಅವಳಿಗೆ ಪುರಸೊತ್ತಾಗಲಿಲ್ಲ, ನನಗೆ ಯಾರೂ ಕಾರ್ಡು ಹೊಡೆಸಲಿಲ್ಲ. ಹೀಗೆ ಒಂದೇ ಮನೆಯಲ್ಲಿ, ಅವಳು ಬೈಯುತ್ತಾ ನಾನು ಬೈಸಿಕೊಳ್ಳುತ್ತಾ, ಸುಖವಾಗಿಯೇ ಇದ್ದೆವು.

ಒಂದು ಬೆಳಿಗ್ಗೆ ಅಕ್ಕ ಹಾಲಿನ ಪಾತ್ರೆ ಹಿಡಿದುಕೊಂಡು ಏನೋ ಹೇಳಿದಳು. ಮಾತು ತೊದಲಿತು. "ಏನಕ್ಕ, ಬೆಳಿಗ್ಗೇನೇ ಎಲೆ ಅಡಿಕೆ ಹಾಕ್ಕೊಂಡ್ಯಾ?" ಎಂದೆ. ಪಾತ್ರೆ ಕೈಯಿಂದ ಜಾರಿತು. ಮಹಡಿ ಮನೆಯ ಶಬಾನಾ ಸದ್ದು ಕೇಳಿ ಇಳಿದು ಬಂದವಳು ಅಕ್ಕನ ಮುಖ ನೋಡಿದಳು. ಬಲಗಡೆ ತುಟಿ ಕೆಳಗಿಳಿದಿತ್ತು. "ಅಂಕಲ್, ಇದು ಸ್ಟ್ರೋಕ್. ನೀರು ಗೀರು ಕುಡಿಸ್ಬೇಡಿ. ನಮ್ಮೆಜಮಾನ್ರಿಗೆ ಆಟೋ ತೆಗೀರಿ ಅಂತೀನಿ, ನೀವು ಚಪ್ಪಲಿ ಹಾಕ್ಕೊಳ್ಳಿ" ಎಂದಳು. ನಾನು ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಆಟೋ ಹತ್ತಿದೆ. ಶಬಾನಾಳ ಗಂಡ ಆ ದಿನ ಯಾವ ಸಿಗ್ನಲ್ಲಿಗೂ ಮರ್ಯಾದೆ ಕೊಡಲಿಲ್ಲ. ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಆಸ್ಪತ್ರೆಯವರು ಹೇಳಿ, ಮೆದುಳಿನಲ್ಲಿ ಕಟ್ಟಿಕೊಂಡಿದ್ದ ರಕ್ತದ ಗಡ್ಡೆ ಕರಗಿಸುವ ಔಷಧಿ ಕೊಟ್ಟರು.

ನನ್ನ ತಪ್ಪು ಶುರುವಾದದ್ದು ಮಾರನೇ ದಿನ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನೆಂಟರಿಗೆ ತಿಳಿಸಬೇಕಲ್ಲ ಎಂದು ಫೋನಿನಲ್ಲಿ ನಮ್ಮ 'ಬಂಧುಬಳಗ' ಗ್ರೂಪ್ ತೆಗೆದು ಬರೆಯತೊಡಗಿದೆ. ಹೆದರಿದಾಗ ಬೆರಳು ರೂಢಿಯ ದಾರಿಯನ್ನೇ ಹಿಡಿಯುತ್ತದೆ. ಬರೆದು ಮುಗಿಸಿದಾಗ ಅದು ಹೀಗಿತ್ತು: 'ನಮ್ಮ ಅಕ್ಕನಾದ ಶ್ರೀಮತಿ ರತ್ನಮ್ಮನವರಿಗೆ ಪಾರ್ಶ್ವವಾಯು ಆಗಿರುವ ಕಾರಣ, ಎರಡನೇ ಮಹಡಿಯ ವಾರ್ಡಿಗೆ ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ರೋಗಿಯನ್ನು ಆಶೀರ್ವದಿಸಬೇಕಾಗಿ ಕೋರುವ, ತಮ್ಮ ಆಗಮನಾಭಿಲಾಷಿ, ನಂಜುಂಡ. ಇದನ್ನೇ ವೈಯಕ್ತಿಕ ಕರೆಯೆಂದು ಭಾವಿಸಿ.' ಮದುವೆಯಾಗದ ಅಕ್ಕನಿಗೆ ಶ್ರೀಮತಿ ಎಂದದ್ದು ಬೇರೆ. ಒತ್ತಿದೆ. ಹೋಯಿತು.

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ನನ್ನ ಪಕ್ಕದಲ್ಲೇ ಕೂತು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ಗಡ್ಡೆ ಕರಗಿದೆ. ಆದ್ರೆ ಇನ್ನೊಂದು ಕಷ್ಟ ಈಗ ಶುರುವಾಗುತ್ತೆ. ಪೆಟ್ಟು ತಿಂದ ಜಾಗದಿಂದ ಮೆದುಳು ಮೈಗೆಲ್ಲ ಕೂಗು ಹಾಕುತ್ತೆ, ಬನ್ನಿ ಬನ್ನಿ ಅಂತ. ರಕ್ತದಲ್ಲಿರೋ ಕಾವಲು ಕಣಗಳು ಓಡಿ ಬರ್ತವೆ. ಸತ್ತ ಭಾಗ ಗುಡಿಸೋಕೆ ಬರೋದು, ಉದ್ದೇಶ ಒಳ್ಳೇದೇ. ಆದ್ರೆ ತಲೆಬುರುಡೆ ಒಳಗೆ ಜಾಗ ಎಲ್ಲಿದೆ ಹೇಳಿ. ಬಂದವು ಸುಮ್ನೆ ಇರಲ್ಲ, ಪಕ್ಕದ ಚೆನ್ನಾಗಿರೋ ಜಾಗಾನೂ ಕೆಡಿಸ್ತವೆ. ಊತ ಬರುತ್ತೆ. ಅದಕ್ಕೆ ಉರಿಯೂತ ಅಂತಾರೆ."

"ಇನ್ನೂರು ಜನ ಹಿಡಿಸೋ ಛತ್ರಕ್ಕೆ ಎರಡು ಸಾವಿರ ಜನ ಬಂದ ಹಾಗೆ" ಎಂದೆ.

"ಹಾಗೇ ಅಂದ್ಕೊಳ್ಳಿ."

"ಅವನ್ನ ವಾಪಸ್ ಕಳಿಸೋಕೆ ಆಗಲ್ವಾ ಮೇಡಂ?"

"ಎಲ್ಲಾನೂ ಕಳಿಸಿದ್ರೆ ಗುಡಿಸೋರು ಯಾರು? ಆಮೇಲೆ ರಿಪೇರಿ ಕೆಲಸಕ್ಕೂ ಅವೇ ಬೇಕು. ಊತ ಮಿತಿ ಮೀರದ ಹಾಗೆ ನಾವು ನೋಡ್ಕೊತೀವಿ. ನೀವು ನೋಡ್ಕೋಬೇಕಾದ್ದು ಇನ್ನೊಂದಿದೆ. ಇದೇ ಹೊತ್ತಲ್ಲಿ ಮೈಯ ಮಿಕ್ಕ ಕಡೆ ರೋಗ ತಡೆಯೋ ಶಕ್ತಿ ಕುಗ್ಗಿಹೋಗುತ್ತೆ. ಸಣ್ಣ ಸೋಂಕು ತಗುಲಿದ್ರೂ ಎದೆಗೆ ಇಳಿಯುತ್ತೆ. ಅದಕ್ಕೇ ಜನ ಬೇಡ. ಕೆಮ್ಮು ನೆಗಡಿ ಇರೋರಂತೂ ಬಾಗಿಲ ಹತ್ರಾನೂ ಬೇಡ. ನೀವೊಬ್ರೇ ಇರಿ."

ನನ್ನ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್ ಎಂದಿತು. 'ಹೊರಟೆವು', 'ದಾರಿಯಲ್ಲಿದ್ದೇವೆ', 'ಟಿಟಿ ವ್ಯಾನು ಮಾಡಿಕೊಂಡು ಬರುತ್ತಿದ್ದೇವೆ, ಹದಿನಾಲ್ಕು ಜನ.' ಡಾಕ್ಟರಮ್ಮ ಮೆದುಳಿನ ಕೂಗಿನ ಬಗ್ಗೆ ಹೇಳಿದ್ದೆಲ್ಲ ನನ್ನ ಬಗ್ಗೆಯೇ ಹೇಳಿದ ಹಾಗಿತ್ತು.

ಆಗಲೇ 'ಬರಬೇಡಿ' ಎಂದು ಒಂದು ಸಾಲು ಬರೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬರೆಯಲಿಲ್ಲ. ನಲವತ್ತು ವರ್ಷ ಜನರನ್ನು ಕರೆದ ಕೈಗೆ ಬೇಡ ಎನ್ನುವುದು ಬರಲಿಲ್ಲ, ಅವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಬೇರೆ. ನಾಲ್ಕು ಗಂಟೆಗೆ ಮಾಗಡಿಯ ನೆಂಟರ ಟಿಟಿ ಬಂತು. ಕರೆಯೋಲೆಯ ಧಾಟಿಗೆ ತಕ್ಕಂತೆ ಹೆಂಗಸರು ಒಳ್ಳೆಯ ಸೀರೆಯಲ್ಲೇ ಬಂದಿದ್ದರು. ಬಾಳೆಗೊನೆ ಬಂತು, ಎಳನೀರು ಬಂತು. ಎಲ್ಲರ ಮುಂದೆ ಸೋದರಮಾವನ ಮಗ ಗೋವಿಂದಣ್ಣ. ಅವನ ಕೆಮ್ಮು ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂದಿತ್ತು. ಸೆಕ್ಯುರಿಟಿಯವನಿಗೆ ಒಂದೊಂದು ಸಲ ಒಂದೊಂದು ಸಂಬಂಧ ಹೇಳಿ ಎಲ್ಲರೂ ಒಳಗೆ ಬಂದರು. ಬಾಗಿಲಲ್ಲಿ ನಿಂತು ನಾನು ಏನು ಮಾಡಿದೆ ಗೊತ್ತೆ? "ಬನ್ನಿ, ಬನ್ನಿ" ಎಂದೆ. ಪನ್ನೀರು ಚಿಮುಕಿಸುವುದೊಂದು ಬಾಕಿ. ಗೋವಿಂದಣ್ಣ ಅಕ್ಕನ ಕೈ ಹಿಡಿದು "ರತ್ನೀ, ನನ್ನ ಗುರುತು ಸಿಗ್ತಾ?" ಎಂದು ಅತ್ತ, ಕೆಮ್ಮಿದ, ಮತ್ತೆ ಅತ್ತ. ನರ್ಸಮ್ಮ ಬಂದು ಎಲ್ಲರನ್ನೂ ಓಡಿಸುವ ಹೊತ್ತಿಗೆ ಆಶೀರ್ವಾದ ಸಾಂಗವಾಗಿ ಮುಗಿದಿತ್ತು.

ಎರಡು ದಿನ ಬಿಟ್ಟು ಅಕ್ಕನಿಗೆ ಜ್ವರ ಏರಿತು. ಎದೆಯಲ್ಲಿ ಗೊರಗೊರ. ನ್ಯುಮೋನಿಯಾ ಎಂದರು. ತಲೆಯ ಊತವೂ ಇನ್ನೂ ಇಳಿದಿರಲಿಲ್ಲ. "ಉಳೀತಾಳಾ ಮೇಡಂ?" ಎಂದು ಕೇಳಿದೆ. "ಈ ಮೂರ್ನಾಲ್ಕು ದಿನ ದಾಟಬೇಕು" ಎಂದರು. ನಾನು ಜನರನ್ನು ಕರೆದ ವಿಷಯ ಹೇಳಿಕೊಂಡೆ. "ಅವರಿಂದಾನೇ ಬಂತು ಅಂತ ಹೇಳೋಕಾಗಲ್ಲ. ಸರಿಯಾಗಿ ನುಂಗೋಕಾಗದೆ ಎಂಜಲು ಶ್ವಾಸಕೋಶಕ್ಕೆ ಹೋದ್ರೂ ಹೀಗಾಗುತ್ತೆ" ಎಂದು ಆ ತಾಯಿ ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಬಾಗಿಲಲ್ಲಿ ನಿಂತು ಬನ್ನಿ ಎಂದವನು ನಾನು.

ಶಬಾನಾಳನ್ನು ಅಕ್ಕನ ಹತ್ತಿರ ಕೂರಿಸಿ ನೇರ ಸುಲ್ತಾನ್‌ಪೇಟೆಗೆ ಹೋದೆ. ನಮ್ಮ ಸಾಹುಕಾರರು "ಏನು ನಂಜುಂಡ, ಕೆಲಸಕ್ಕೆ ಬಂದ್ಯಾ?" ಎಂದರು. "ಒಂದು ಕಾರ್ಡು ಹೊಡೀಬೇಕು, ಅರ್ಜೆಂಟು" ಎಂದೆ. ಕಂಪ್ಯೂಟರಿನವನ ಪಕ್ಕ ಕೂತು ಜೀವಮಾನದಲ್ಲಿ ಮೊದಲ ಸಲ ಸ್ವಂತ ವಾಕ್ಯ ಹೊಸೆದೆ. ಮೇಲೆ ಮಾವಿನ ತೋರಣ, ಸುತ್ತ ಚಿನ್ನದ ಬಣ್ಣದ ಅಂಚು, ನಡುವೆ ಇದು: 'ನಮ್ಮ ಅಕ್ಕನವರು ಗುಣವಾಗಬೇಕಾಗಿರುವ ಕಾರಣ, ತಾವು ಸಕುಟುಂಬ ಪರಿವಾರ ಸಮೇತರಾಗಿ ತಮ್ಮ ತಮ್ಮ ಮನೆಯಲ್ಲೇ ಇದ್ದು ಆಶೀರ್ವದಿಸಬೇಕಾಗಿ ಕೋರುವ, ತಮ್ಮ ಅನಾಗಮನಾಭಿಲಾಷಿ, ನಂಜುಂಡ. ಸೂಚನೆ: ಕೆಮ್ಮು ಇರುವವರು ತಮ್ಮ ಬೀದಿಯನ್ನೇ ದಾಟಬಾರದು.' ಸಾಹುಕಾರರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ಓದಿದರು. "ಈ ಅಂಗಡೀಲಿ ಇಂಥದ್ದು ಹೊಡೆದಿಲ್ಲ" ಎಂದರು. ಅದರ ಫೋಟೋ ಗ್ರೂಪಿಗೆ ಹಾಕಿದೆ. ಒಂದು ಪ್ರತಿಯನ್ನು ವಾರ್ಡಿನ ಬಾಗಿಲಿಗೆ ಅಂಟಿಸಿ, ಅದರ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತೆ.

ಗ್ರೂಪು ನೋಡದೆ ವಾರ್ಡಿನ ಬಾಗಿಲವರೆಗೆ ಬಂದವನು ಗೋವಿಂದಣ್ಣ ಒಬ್ಬನೇ. ಎರಡು ಎಳನೀರು ಹಿಡಿದು ಬಂದು, ಕಾರ್ಡು ಓದಿ, ಕೆಂಪಗಾದ. "ಏನೋ ನಂಜ, ನನ್ನೇ ತಡೀತೀಯಾ? ಬಾ ಅಂದಿದ್ದು ನೀನೇ ತಾನೇ?"

"ಹೂಂ ಅಣ್ಣ, ನಾನೇ. ಬೇಡ ಅಂತಿರೋನೂ ನಾನೇ."

"ಇನ್ಮೇಲೆ ನಿಮ್ಮನೆ ಹೊಸ್ತಿಲು ತುಳಿಯಲ್ಲ ನೋಡು."

"ತುಳೀಬೇಡ. ಅಕ್ಕ ಉಳಿದ್ರೆ ನಾನೇ ನಿಮ್ಮನೆ ಹೊಸ್ತಿಲು ತುಳಿದು, ಕಾಲು ಹಿಡಿದು ಕರ್ಕೊಂಡ್ ಬರ್ತೀನಿ."

ಅಷ್ಟು ಹೇಳಿದೆನೇ ಹೊರತು ಸ್ಟೂಲಿನಿಂದ ಏಳಲಿಲ್ಲ. ಗೋವಿಂದಣ್ಣ ಕಾರ್ಡನ್ನು ಮತ್ತೊಮ್ಮೆ ಓದಿದ. "ಅಷ್ಟು ಜೋರಾಗಿದೆಯೇನೋ?" ಎಂದ. ಆಮೇಲೆ ಕೆಳಗಿಳಿದು, ಗೇಟಿನ ಹೊರಗೆ ಕೂತು ಎರಡೂ ಎಳನೀರನ್ನು ತಾನೇ ಕುಡಿದ. ಅಲ್ಲಿಂದ ಏಳಲೂ ಇಲ್ಲ. ನಾಲ್ಕು ದಿನ ಅಲ್ಲೇ ಕಾವಲು. ನಮ್ಮ ಕಡೆಯವರು ಯಾರು ತಪ್ಪಿ ಬಂದರೂ ಅವರ ಕಡೆ ತಿರುಗಿ ಒಮ್ಮೆ ಕೆಮ್ಮುತ್ತಿದ್ದ. ಸಾಕಾಗುತ್ತಿತ್ತು. ಅದೇ ಕೆಮ್ಮು, ಜಾಗ ಬದಲಾದ ಮೇಲೆ ಔಷಧಿಯಂತೆ ಕೆಲಸ ಮಾಡಿತು.

ಐದನೇ ದಿನ ಜ್ವರ ಇಳಿಯಿತು. ಊತವೂ ಇಳಿಯುತ್ತಿದೆ ಎಂದು ಡಾಕ್ಟರಮ್ಮ ಸ್ಕ್ಯಾನ್ ತೋರಿಸಿದರು. ನನಗೆ ಅದರಲ್ಲಿ ಏನೂ ಕಾಣಲಿಲ್ಲ, ಅವರ ಮುಖದಲ್ಲಿ ಕಂಡಿತು. ಹೋಗುವಾಗ ಬಾಗಿಲಿನ ಕಾರ್ಡನ್ನು ಬೆರಳಲ್ಲಿ ತಟ್ಟಿ, "ಇದರದ್ದು ಇನ್ನೂ ಹತ್ತು ಪ್ರತಿ ಸಿಗುತ್ತಾ? ಬೇರೆ ವಾರ್ಡಿಗೂ ಬೇಕು" ಎಂದರು. ಏಳನೇ ಕ್ಲಾಸು ಫೇಲಾದವನ ಬರವಣಿಗೆ ಈಗ ಒಂದು ಆಸ್ಪತ್ರೆಯ ಎರಡು ಮಹಡಿಯ ತುಂಬ ಪ್ರಕಟವಾಗಿದೆ. ಸಾಹುಕಾರರು ಅದನ್ನು ಅಂಗಡಿಯ ಮಾದರಿ ಆಲ್ಬಮ್ಮಿನಲ್ಲೂ ಸೇರಿಸಿದ್ದಾರೆ, ಗೃಹಪ್ರವೇಶ ಆದ ಮೇಲೆ, ನಾಮಕರಣಕ್ಕಿಂತ ಮುಂಚೆ.

ತಿಂಗಳು ಕಳೆದು ಅಕ್ಕ ಮನೆಗೆ ಬಂದಳು. ಕೋಲು ಹಿಡಿದು, ಆದರೆ ತನ್ನ ಕಾಲ ಮೇಲೆ. ಮಾತು ಬರುತ್ತಿತ್ತು, ನಿಧಾನವಾಗಿ. ಮಾತು ಕಲಿಸುವ ಮೇಡಂ, ದಿನಾ ಏನಾದರೂ ಜೋರಾಗಿ ಓದಿಸಿ ಎಂದಿದ್ದರು. ನಾನು ಪೇಪರ್ ಕೊಟ್ಟೆ. ಅಕ್ಕ ಅದನ್ನು ಪಕ್ಕಕ್ಕಿಟ್ಟು, ತಿಂಗಳಿಂದ ಬೀರುವಿನಲ್ಲಿದ್ದ ತನ್ನ ಫೋನನ್ನು ಚಾರ್ಜಿಗೆ ಹಾಕಿಸಿ, ಎಡಗೈಯಲ್ಲಿ ತೆರೆದಳು. ಆ ಗ್ರೂಪಿನಲ್ಲಿ ಅವಳೂ ಇದ್ದಾಳೆ ಎಂಬುದು ನನಗೆ ಹೊಳೆದದ್ದು ಆಗ.

"ನಮ್ಮ... ಅಕ್ಕನಾದ... ಶ್ರೀಮತಿ..." ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೆ ಓದಿದಳು. "ಸಕು... ಸಕು..." ಎಂದು ತಡವರಿಸಿದಳು. ಜೀವಮಾನವಿಡೀ ನನಗೆ ಓದು ಹೇಳಿಕೊಟ್ಟವಳು ಕಣ್ಣಲ್ಲೇ ಸಹಾಯ ಕೇಳುತ್ತಿದ್ದಳು. ನನ್ನ ತಪ್ಪನ್ನು ನಾನೇ ಹೇಳಿಕೊಡಬೇಕಾಯಿತು. "ಸಕುಟುಂಬ ಅಕ್ಕ" ಎಂದೆ. "ಸಕುಟುಂಬ ಪರಿವಾರ ಸಮೇತರಾಗಿ." ಅವಳು ಹೇಳಿದಳು, ನಾನು ಹೇಳಿಕೊಟ್ಟೆ, ಹೀಗೆ ಕೊನೆಯವರೆಗೂ ಓದಿ ಮುಗಿಸಿದೆವು. "ತಪ್ಪಾಯ್ತಕ್ಕ. ನಿನ್ನ ಜ್ವರಕ್ಕೆ ನಾನೇ ಕಾರಣ. ಎಲ್ಲರನ್ನೂ ಕರೆದುಬಿಟ್ಟೆ" ಎಂದೆ.

"ಎಲ್ಲರನ್ನೂ... ಅಲ್ವೇನೋ" ಎಂದಳು ಅಕ್ಕ. "ನನ್ನನ್ನೂ... ಕರೆದಿದ್ದೀಯ. ವೈಯಕ್ತಿಕ ಕರೆ. ಬಂದೆ ನೋಡು."

ನಾನು ಅಳುತ್ತಾ ನಗುತ್ತಾ ಮೂಗೊರೆಸಿಕೊಳ್ಳುತ್ತಿರುವಾಗ ಅವಳು ಎರಡನೆಯದನ್ನೂ ಓದಿದಳು. "ಸದ್ಯ, ಇದನ್ನ ಆಗ... ನೋಡ್ಲಿಲ್ಲ. ನೋಡಿದ್ರೆ... ಬರ್ತಾನೇ ಇರ್ಲಿಲ್ಲ" ಎಂದಳು. ಆಮೇಲೆ ಟೀಚರ್ ದನಿಯಲ್ಲಿ ಅಪ್ಪಣೆ: "ಬರಿ. ಭಾನುವಾರ ಊಟಕ್ಕೆ... ಗೋವಿಂದ, ಶಬಾನಾ... ಎಲ್ಲರನ್ನೂ ಕರಿ. ಒಂದೊಂದ್ ಮನೆಯಿಂದ... ಒಬ್ರೇ. ಕೆಮ್ಮು ಇರೋರು... ಅಂಗಳದಲ್ಲಿ."

ಈ ಸಲ ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದೆ. ಸಕುಟುಂಬ ಎಂಬುದನ್ನು ಬೆರಳು ಎರಡು ಸಲ ಬರೆಯಿತು, ಎರಡು ಸಲವೂ ಅಳಿಸಿದೆ. ಅಂತೂ ಜನ್ಮದಲ್ಲಿ ಒಮ್ಮೆ ತಪ್ಪಿಲ್ಲದ ಬರವಣಿಗೆ ಬರೆದೆ ಎಂಬ ಹೆಮ್ಮೆಯಿಂದ ಅದೇ ಗ್ರೂಪಿಗೆ ಒತ್ತಿದೆ. ಅಕ್ಕನ ತೊಡೆಯ ಮೇಲಿದ್ದ ಫೋನು ಟಿಂಗ್ ಎಂದಿತು. ಅವಳು ಅದನ್ನು ಕಣ್ಣ ಹತ್ತಿರ ಹಿಡಿದು, ತುಟಿ ಎರಡೂ ಕಡೆ ಒಂದೇ ಸಮ ಏರುವಂತೆ ನಕ್ಕು, ಹೇಳಿದಳು: "ಭಾನುವಾರ ತಾನೇ? ಬರ್ತೀನಿ ಬಿಡು."