ರೆಪ್ಪೆಯಿಲ್ಲದ ಟ್ಯಾಬು

ಇಡೀ ಸಮೋವಾದಲ್ಲಿ ಸೀಮೆಸುಣ್ಣಕ್ಕೆ ಎಳ್ಳುನೀರು ಬಿಟ್ಟ ಮೊದಲ ಮೇಷ್ಟ್ರು ನಾನೇ ಆಗಬೇಕೆಂದು ಪಣ ತೊಟ್ಟೆ! ನಮ್ಮೂರ ಶಾಲೆಗೆ ಸರ್ಕಾರದಿಂದ ಒಂದು ಪೆಟ್ಟಿಗೆ ತುಂಬ ಟ್ಯಾಬ್ ಬಂದಿತ್ತು. ಒಂದನೇ ತರಗತಿಯಿಂದ ಎಂಟನೆಯವರೆಗೆ ಇನ್ನು ಟ್ಯಾಬೇ ಪಾಟಿ, ಟ್ಯಾಬೇ ಪುಸ್ತಕ, ಟ್ಯಾಬೇ ಪ್ರಯೋಗಶಾಲೆ! ಷರತ್ತು ಒಂದೇ. ರಾಜಧಾನಿ ಅಪಿಯಾದಿಂದ ಅಧಿಕಾರಿ ಫೆತೂ ಮೇಡಂ ಬಂದಾಗ, ಮಕ್ಕಳು ಟ್ಯಾಬ್ ಹಿಡಿದು ಸ್ವಂತವಾಗಿ ಕಲಿತದ್ದನ್ನು ತೋರಿಸಬೇಕು. ಇಲ್ಲದಿದ್ದರೆ ಪೆಟ್ಟಿಗೆ ಪಕ್ಕದೂರಿನ ಶಾಲೆಗೆ. ಅವರು ಆಗಲೇ ಕಪಾಟು ಒರೆಸಿಟ್ಟು ಕಾಯುತ್ತಿದ್ದರು!

"ನಿಮ್ಮ ಫೋನಲ್ಲಿ ಅಲಾರಂ ಇಡೋಕೂ ನಾನೇ ಬೇಕು. ನೀವು ಊರ ಮಕ್ಳಿಗೆ ಟ್ಯಾಬ್ ಕಲಿಸ್ತೀರಾ?" ಎಂದಳು ನನ್ನ ಹೆಂಡತಿ ಪೆನಿನಾ.

"ನೋಡ್ತಿರು! ನಮ್ಮ ಮನೇನೇ ಪ್ರಯೋಗಶಾಲೆ ಮಾಡ್ತೀನಿ."

"ಮಾಡಿ, ಬೇಡ ಅಂದೋರ್ಯಾರು? ಸಕ್ಕರೆ ಡಬ್ಬಿ ಮೇಲೆ ಮಾತ್ರ ಪ್ರಯೋಗ ಬೇಡ!"

ಅವಳ ಮಾತಿಗೆ ಕಾರಣವಿತ್ತು. ಡಾಕ್ಟರು ಸಿಹಿ ಬಿಡಿಸಿದಂದಿನಿಂದ ನನ್ನ ತಟ್ಟೆಗೆ ಬೀಳುತ್ತಿದ್ದದ್ದು ಬೇಯಿಸಿದ ಬಾಳೆಕಾಯಿ ಮಾತ್ರ. "ಸಿಹಿ ಅಂದ್ರೆ ನಂಗೆ ವಾಕರಿಕೆ!" ಎಂದು ನಾನೇ ಊರೆಲ್ಲ ಡಂಗುರ ಸಾರಿಕೊಂಡಿದ್ದೆ.

ಮಕ್ಕಳಿಗೆ ಹೋಂವರ್ಕ್ ಹಂಚಿದೆ. ಒಂದನೇ ತರಗತಿಯವರು ಸೂರ್ಯ ಮುಳುಗುವ ಮುಂಚೆ ಒಮ್ಮೆ, ಮುಳುಗಿದ ಮೇಲೆ ಒಮ್ಮೆ, ಎಣಿಸಲು ಬರುವ ಒಂದು ವಸ್ತುವಿನ ಫೋಟೋ ತೆಗೆಯಬೇಕು. ನಾಲ್ಕನೆಯವರು ಆ ಎರಡನ್ನೂ ಹೋಲಿಸಿ, ಏನು ಬದಲಾಯಿತು, ಯಾಕೆ ಎಂದು ಹೇಳಬೇಕು. ಎಂಟನೆಯವರು ಟ್ಯಾಬನ್ನು ಒಂದು ಕಡೆ ನಿಲ್ಲಿಸಿ, ಸಂಜೆಯ ನೆರಳು ಉದ್ದವಾಗುವುದನ್ನು ವಿಡಿಯೋ ಮಾಡಬೇಕು. ನಮ್ಮ ಮನೆಗೆ ಗೋಡೆಗಳ ಹಂಗಿಲ್ಲ, ಸುತ್ತ ಬರೀ ಕಂಬ. ಹಾಗಾಗಿ ಮಕ್ಕಳೆಲ್ಲ ನೆಟ್ಟಗೆ ನಮ್ಮಲ್ಲಿಗೇ ಬಂದರು. "ನೀವು ಮಾಡಿದ್ದನ್ನ ನಾನು ಮೊದಲೇ ನೋಡಲ್ಲ. ಎಲ್ಲ ಸ್ವಂತ ಬುದ್ಧಿಯಿಂದ ಆಗ್ಬೇಕು!" ಎಂದು ಗತ್ತಿನಿಂದ ಸಾರಿದೆ. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳೆದುಕೊಂಡದ್ದು ಆ ಗಳಿಗೆಯಲ್ಲಿ!

ಅದು ಶನಿವಾರ. ಮರುದಿನ ಪಾದ್ರಿಗಳಿಗೆ ಕಳಿಸಲೆಂದು ಪೆನಿನಾ ಒಂದು ದೊಡ್ಡ ತಟ್ಟೆ ಪಾನಿಪೊಪೊ ಮಾಡಿದ್ದಳು. ತೆಂಗಿನಹಾಲಿನಲ್ಲಿ ಮಿಂದು ಬೆಂದ ಸಿಹಿ ಬನ್ನುಗಳು! ಅಷ್ಟರಲ್ಲಿ ಸಂಜೆ ಪ್ರಾರ್ಥನೆಯ ಶಂಖ ಮೊಳಗಿತು. ಆ ಹೊತ್ತಿನಲ್ಲಿ ಊರಿಗೆ ಊರೇ ಮನೆ ಸೇರಿ ಕಣ್ಣು ಮುಚ್ಚುತ್ತದೆ. ಪೆನಿನಾಳ ಪ್ರಾರ್ಥನೆ ಮುಗಿಯುವಂಥದ್ದಲ್ಲ. ಮೊದಲು ದೇಶ, ಆಮೇಲೆ ಊರು, ಆಮೇಲೆ ನ್ಯೂಜಿಲೆಂಡಿನಲ್ಲಿರುವ ಅವಳ ಅಕ್ಕತಂಗಿಯರು ಹೆಸರು ಹೆಸರಾಗಿ. ತಟ್ಟೆ ನನ್ನ ಮೊಣಕೈ ಹತ್ತಿರವೇ ಇತ್ತು. ಪೆನಿನಾಳ ದೊಡ್ಡಕ್ಕನ ಹೆಸರಿಗೆ ಒಂದು ಬನ್ನು ಒಳಗೆ ಹೋಯಿತು. ಅವಳ ಮಕ್ಕಳ ಹೆಸರಿಗೆ ಇನ್ನೂ ಕೆಲವು. ಆಮೆನ್ ಹೊತ್ತಿಗೆ ಒಂದು ಸಾಲೇ ನೆಲಸಮ!

"ರೀ! ಬನ್ನೆಲ್ಲಿ?"

"ಹಂದಿ..." ಎಂದೆ, ನುಂಗುತ್ತಾ.

"ಯಾರ ಹಂದಿ?"

ಕಣ್ಣಿಗೆ ಬಿದ್ದದ್ದು ಬೇಲಿಯಾಚೆಯ ಒಂದೇ ಒಂದು ಹಂದಿ. "ಪಾದ್ರಿಗಳದ್ದೇ!"

ಪೆನಿನಾ ಸೊಂಟಕ್ಕೆ ಬಟ್ಟೆ ಬಿಗಿದು ಹೊರಟೇಬಿಟ್ಟಳು. "ಪಾದ್ರಿಗಳೇ, ನಿಮಗೆ ಅಂತ ಮಾಡಿದ್ದನ್ನ ನಿಮ್ಮ ಹಂದೀನೇ ತಿಂದಿದೆ. ಲೆಕ್ಕ ಚುಕ್ತಾ!" ಪಾಪ, ಪಾದ್ರಿಗಳು ಹಂದಿಯನ್ನು ಕಟ್ಟಿಹಾಕಿದರು. ಭಾನುವಾರ ದುರಾಸೆಯ ಮೇಲೆ ಉಪದೇಶ ಮಾಡಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವನು ನಾನು!

ಫೆತೂ ಮೇಡಂ ಬಂದರು. ಶಾಲೆಯಲ್ಲಿ ಊರೆಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ಪಾದ್ರಿಗಳು, ಪಕ್ಕದಲ್ಲಿ ಪೆನಿನಾ. ಮೇಜಿನ ಮೇಲೆ ಅತಿಥಿಗಳಿಗೆಂದು ಬಗೆಬಗೆಯ ಕೇಕು. ಒಂದನೇ ತರಗತಿಯ ಲೂಪೆ ಪುಟಪುಟನೆ ಬಂದು ದೊಡ್ಡ ಪರದೆಯ ಮೇಲೆ ಫೋಟೋ ಬಿಟ್ಟಳು.

"ಇದು ಮುಂಚೆ. ತಟ್ಟೆ ತುಂಬ ಬನ್ನು. ಇದು ಆಮೇಲೆ. ಕಮ್ಮಿ ಆಗ್ಬಿಟ್ಟಿದೆ!"

ತಟ್ಟೆಯ ಗುರುತು ಸಿಕ್ಕಿತು. ನಾನು ಥಟ್ಟನೆ ಎದ್ದೆ. "ಭೇಷ್ ಪುಟ್ಟಿ! ಕೂತ್ಕೋ. ಈಗ ಮಕ್ಕಳಿಂದ ಸ್ವಾಗತ ಗೀತೆ..."

"ಇರಿ ಮೇಷ್ಟ್ರೇ, ಚೆನ್ನಾಗಿದೆ. ಮುಂದುವರೀಲಿ," ಎಂದರು ಮೇಡಂ.

ನಾಲ್ಕನೆಯ ತರಗತಿಯ ಏತಿ ಎದೆಯುಬ್ಬಿಸಿ ನಿಂತ. "ಮೇಡಂ, ಹೋಗಿರೋದು ಒಂದು ಪೂರ್ತಿ ಸಾಲು. ಹಂದಿ ತಿಂದಿದ್ರೆ ತಟ್ಟೆ ಮಗುಚಿರ್ತಿತ್ತು. ಹಂದಿಗೆಲ್ಲಿ ಸಾಲು ಗೊತ್ತು? ಇದು ಶಾಲೆಗೆ ಹೋದವರ ಕೆಲ್ಸ!"

"ಆಹಾ, ಎಂಥ ತರ್ಕ!" ಮೇಡಂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದಿದ್ದರೆ ಅನುಮಾನ ಬಂದೀತಲ್ಲ!

ಎಂಟನೆಯ ತರಗತಿಯ ಮಲಿಯಾ ನೆರಳಿನ ವಿಡಿಯೋವನ್ನು ವೇಗ ಹೆಚ್ಚಿಸಿ ಓಡಿಸಿದಳು. ನಮ್ಮ ಮನೆಯ ಕಂಬದ ನೆರಳು ರಾಜಗಾಂಭೀರ್ಯದಿಂದ ಚಾಚಿಕೊಳ್ಳುತ್ತಿತ್ತು. ಅದರ ಹಿಂದೆ ಒಂದು ಕೈ, ತಟ್ಟೆಗೂ ಬಾಯಿಗೂ ನಡುವೆ ಹೊಲಿಗೆ ಯಂತ್ರದ ಸೂಜಿಯಂತೆ ಟಕಟಕ ಓಡಾಡುತ್ತಿತ್ತು! ಪಕ್ಕದಲ್ಲಿ ಕಣ್ಣು ಮುಚ್ಚಿ, ಭಕ್ತಿಯಿಂದ ತುಟಿಯಾಡಿಸುತ್ತಿರುವ ಪೆನಿನಾ.

ಪಾದ್ರಿಗಳು ಹುಬ್ಬು ಗಂಟಿಕ್ಕಿದರು. "ಮಲಿಯಾ, ಪ್ರಾರ್ಥನೆ ಹೊತ್ತಲ್ಲಿ ಕಣ್ಣು ಬಿಟ್ಕೊಂಡಿದ್ದೆಯೇನಮ್ಮ?"

"ಅಯ್ಯೋ ಇಲ್ಲಪ್ಪ! ನಾನು ನಮ್ಮನೇಲಿ ಗಟ್ಟಿಯಾಗಿ ಮುಚ್ಕೊಂಡಿದ್ದೆ. ಟ್ಯಾಬನ್ನ ಮಾತ್ರ ಮೇಷ್ಟ್ರ ಮನೇಲಿ ನಿಲ್ಲಿಸಿ ಬಂದಿದ್ದೆ. ಅದಕ್ಕೆ ರೆಪ್ಪೆ ಇಲ್ವಲ್ಲ!"

ಸಭೆ ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಪೆನಿನಾ ಮಾತ್ರ ನಗಲಿಲ್ಲ. "ಅಕ್ಕನ ಮಕ್ಕಳ ಹೆಸರು ಹೇಳ್ವಾಗ ಹೂಂಗುಟ್ತಿದ್ರಿ. ಆಹಾ ಎಂಥಾ ಭಕ್ತಿ ಅಂದ್ಕೊಂಡೆ. ಅದು ಅಗೀತಿದ್ದ ಸದ್ದಾ?"

ಫೆತೂ ಮೇಡಂ ಕಣ್ಣೊರೆಸಿಕೊಂಡು ಎದ್ದರು. "ಎಣಿಕೆ, ಹೋಲಿಕೆ, ಪುರಾವೆ! ಚಿಕ್ಕೋರಿಂದ ದೊಡ್ಡೋರ ತನಕ ಎಲ್ಲರೂ ಸೇರಿ ಒಂದೇ ಸತ್ಯ ಹುಡುಕಿದ್ದಾರೆ. ಪೆಟ್ಟಿಗೆ ಇಲ್ಲೇ ಇರುತ್ತೆ. ಈ ವಿಡಿಯೋನ ಮಾದರಿ ಪಾಠ ಅಂತ ಎಲ್ಲ ಶಾಲೆಗೂ ಕಳಿಸ್ತೀನಿ!"

ಮಕ್ಕಳು ಕುಣಿದಾಡಿದರು. ನನಗೆ ನಿಜಕ್ಕೂ ಹೆಮ್ಮೆಯಾಯಿತು, ಭೂಮಿ ಬಾಯ್ತೆರೆಯಬಾರದೇ ಎಂದೂ ಅನ್ನಿಸಿತು. ಮೆಲ್ಲಗೆ ಜಾರಿಕೊಳ್ಳೋಣವೆಂದು ಹೊರಟರೆ, ಕಾಲು ಹೋಗಿ ನಿಂತದ್ದು ಕೇಕಿನ ಮೇಜಿನ ಪಕ್ಕದಲ್ಲೇ. ಅಷ್ಟರಲ್ಲಿ ಪಾದ್ರಿಗಳು ಊಟದ ಮುಂಚಿನ ಪ್ರಾರ್ಥನೆಗೆ ಎದ್ದು ನಿಂತರು.

"ಎಲ್ಲರೂ ಕಣ್ಣು ಮುಚ್ಚಿ. ಮೇಷ್ಟ್ರೇ, ನೀವು ಮುಚ್ಚಿದ್ರೂ ಸರಿ, ಬಿಟ್ರೂ ಸರಿ. ಕೈ ಎರಡೂ ಮೇಲಿರ್ಲಿ!"