ಬಿಟ್ಟುಹೋದ ದಪ್ಪ

ಓದಿದವನಿಗೆ ತಪ್ಪು ಒಪ್ಪಿಕೊಳ್ಳುವುದು ಕಷ್ಟ. ಅರ್ಧ ಓದಿದವನಿಗೆ ಇನ್ನೂ ಕಷ್ಟ. ನಾನು ಹೈಸ್ಕೂಲು ಮುಗಿಸಿದವನು. ಶಹಾಬಾದಿನ ಒಂದು ಫರಸಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕಲ್ಲು ಅಳೆದಿದ್ದೇನೆ. ಫರಸಿಯನ್ನು, ಅಂದರೆ ನೆಲಕ್ಕೆ ಹಾಸುವ ಕಲ್ಲನ್ನು, ನಮ್ಮಲ್ಲಿ ಚದರ ಅಡಿಯ ಮೇಲೆ ಮಾರುತ್ತಾರೆ. ಉದ್ದ ಹಿಡಿ, ಅಗಲ ಹಿಡಿ, ಗುಣಿಸು, ಮುಗಿಯಿತು. ದಪ್ಪ ಒಂದಿಂಚು ಎಂದು ಎಲ್ಲರೂ ನಂಬಿರುತ್ತಾರೆ. ಚದರ ಅಡಿಗೆ ಆರು ಕಿಲೋ ಎಂಬುದು ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಮದುವೆಯ ಹೊಸದರಲ್ಲಿ ಗಾದಿ ಮಾಡಿಸಲು ಹೋದಾಗಲೂ ಉದ್ದ ಅಗಲ ಮಾತ್ರ ಹೇಳಿ ಬಂದೆ. ಬಂದದ್ದು ಚಾದರಕ್ಕಿಂತ ಸ್ವಲ್ಪ ಮೇಲು. ಹೆಂಡತಿ ಇನ್ನೂ ಬೆನ್ನು ಹಿಡಿದುಕೊಳ್ಳುತ್ತಾಳೆ.

ಅವಳಿಗೆ ಈಚೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಬೇಕಾಯಿತು. ಗಣಿಯಲ್ಲಿ ಒಂದು ಗಟ್ಟಿ ತುಂಡು ಆರಿಸಿದೆ: ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಮೂರು ಚದರ ಅಡಿ, ಅಂದರೆ ಹದಿನೆಂಟು ಕಿಲೋ. ಅದು ಒಂದಡಿ ದಪ್ಪವೂ ಇತ್ತು. ಕಣ್ಣಿಗೆ ಕಂಡಿತು, ಲೆಕ್ಕಕ್ಕೆ ಕಾಣಲಿಲ್ಲ. ತರಲು ಹೆಂಡತಿಯ ತಮ್ಮ ಶರಣಪ್ಪನನ್ನು ಕರೆದೆ. ಅವನ ಸ್ಕೂಟರು ಬಂದು ಎಂಟು ದಿನ. ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ.

ನಾಲ್ವರು ಹಮಾಲರು ಕಲ್ಲಿಗೆ ಕೈಹಾಕಿ ಏದುಸಿರು ಬಿಟ್ಟರು.

"ಹದಿನೆಂಟು ಕಿಲೋಕ್ಕ ನಾಕು ಮಂದಿ ಬೇಕೇನ್ರೋ?" ಎಂದೆ.

"ಯಜಮಾನ್ರ, ನಿಮ್ಮ ಲೆಕ್ಕ ಕಲ್ಲಿಗಿ ಗೊತ್ತಿಲ್ರಿ," ಎಂದ ಹಿರಿಯ ಹಮಾಲ. ಆದರೂ ಹೇಳಿದಂತೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟರು. ಸ್ಕೂಟರು ಒಮ್ಮೆ ನರಳಿ, ದಣಿದ ಎಮ್ಮೆಯಂತೆ ಕೂತುಬಿಟ್ಟಿತು. ಕಾಲಿಡುವ ಜಾಗ ಎರಡು ಹೋಳು.

ಆಗ ನಾನು ಆಡಿದ ಮಾತಿಗೆ ಇಂದಿಗೂ ನಾಚಿಕೆಯಿದೆ. "ಹದಿನೆಂಟು ಕಿಲೋ ತಡಿಲಾರದ್ದು ಗಾಡಿ ಏನೋ ಶರಣಪ್ಪ? ನಿನಗ ಮೋಸ ಮಾಡ್ಯಾರ," ಎಂದೆ. ಅವನು ನಂಬಿದ. ಹದಿನೈದು ದಿನ ಗಾಡಿ ಕೊಟ್ಟವರ ಜೊತೆ ಜಗಳಾಡಿದ. ಕೊನೆಗೆ, "ಮಾಮಾ, ನಾಳಿ ನೀವ ಬಂದು ಸಾಕ್ಷಿ ಹೇಳ್ರಿ. ನಿಮ್ಮ ಅಳತಿಗಿ ಯಾರೂ ಎದುರು ಮಾತಾಡಂಗಿಲ್ಲ," ಎಂದು ಹೋದ.

ಅದೇ ಸಂಜೆ ಒಂಬತ್ತನೆಯ ತರಗತಿಯ ಮೊಮ್ಮಗಳು ಪಲ್ಲವಿ ಶಾಲೆಯ ಪಾಠಕ್ಕೆಂದು ಫರಸಿಯ ಚೂರೊಂದನ್ನು ತೂಗಿ, ತುಂಬಿದ ತಂಬಿಗೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದಳು. ಕಲ್ಲಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಬಂತು. ಜಂಬದಿಂದ ನನ್ನ ಕಲ್ಲಿನ ಲೆಕ್ಕವನ್ನೂ ಹೇಳಿದೆ.

"ಮುತ್ಯಾ, ಇದು ಗಾತ್ರ ಅಲ್ಲ, ಚಾಪಿ. ದಪ್ಪ ಎಲ್ಲದ?" ಎಂದಳು. ಒಂದಡಿ ಎಂದೆ. ತಾನೇ ಗುಣಿಸಿದಳು. "ಇನ್ನೂರು ಕಿಲೋ ದಾಟ್ತದ. ಶರಣಪ್ಪ ಮುತ್ಯಾಗ ನೀ ಹೇಳ್ತಿಯೋ, ನಾ ಹೇಳ್ಲಿ?"

ಚಪ್ಪಲಿ ಮೆಟ್ಟಿ ಹೊರಟೆ. ಶರಣಪ್ಪನ ಎದುರು ಎಲ್ಲ ಒಪ್ಪಿಕೊಂಡೆ, ದಪ್ಪವನ್ನೂ ಬಿಡದೆ. ಗಾಡಿಯ ದುರಸ್ತಿ ನನ್ನದು ಎಂದೆ. ಬೈಯುತ್ತಾನೆಂದು ಕಾದೆ. ಅವನು ನಿಟ್ಟುಸಿರು ಬಿಟ್ಟ.

"ಅವತ್ತು ನೀವು ಗಣಿಗಿ ಬರೂಕಿಂತ ಮದ್ಲ ನಾ ಆ ಕಲ್ಲು ಎತ್ತಲಾಕ ಹೋಗಿದ್ದೆ ಮಾಮಾ. ಅಲುಗಾಡ್ಲೇ ಇಲ್ಲ. ಮಾಮಾ ಹದಿನೆಂಟು ಅಂದಾರ ಅಂದ್ರ ನನ್ನ ಕೈಯಾಗ ಶಕ್ತಿ ಹೋಗ್ಯಾದ ಅಂತ ಅವತ್ತಿಂದ ಟಾನಿಕ್ ಕುಡಿಲಿಕತ್ತೀನಿ."

ಗೂಡಿನಲ್ಲಿ ಬಾಟಲಿ ಅರ್ಧ ಉಳಿದಿತ್ತು. "ತಗೊಂಡು ಹೋಗ್ರಿ," ಎಂದ. ಈಗ ದಿನಕ್ಕೆರಡು ಚಮಚ ನಾನೇ ಕುಡಿಯುತ್ತಿದ್ದೇನೆ. ಅದು ತಲೆಗೂ ಶಕ್ತಿ ಕೊಡುತ್ತದೋ ಇಲ್ಲವೋ, ಬಾಟಲಿಯ ಚೀಟಿಯಲ್ಲಿ ಬರೆದಿಲ್ಲ.