ಕಲ್ಯಾಣದುರ್ಗಕ್ಕೆ ಹೋದ ಚಟ್ನಿಪುಡಿ

"ಅಮರೇಶಣ್ಣಾ, ಯಾರೋ ಫೈಲು ಹಿಡ್ಕಂಡು ನಿನ್ನ ಹೆಸರು ಕೇಳ್ಕಂಡು ಬತ್ತಾವ್ರೆ ಕಣಪ್ಪ!"

ಇಸ್ತ್ರಿ ಆದೆಪ್ಪ ಓಡಿಬಂದ ರಭಸಕ್ಕೆ ಹಿಂದೂಪುರದ ಆ ಓಣಿಯ ನಾಯಿಗಳೂ ಎದ್ದು ನಿಂತವು. ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆಯೇ ಬಿಟ್ಟು ಬಂದಿದ್ದ, ಪಾಪ.

ಅಮರೇಶಪ್ಪ ಮನೆಯ ಮುಂಭಾಗದಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದ. ಲೈಸೆನ್ಸಿಗೆ ಅರ್ಜಿ ಹಾಕಿ ಮೂರು ತಿಂಗಳಾಗಿತ್ತು. ಸೋಮವಾರದೊಳಗೆ ಅದು ಬಂದರೆ ಗೋರಂಟ್ಲದ ಹಾಸ್ಟೆಲಿನವರು ವರ್ಷವಿಡೀ ಇವನ ಪುಡಿಯನ್ನೇ ಕೊಳ್ಳುತ್ತಾರೆ. ಬರದಿದ್ದರೆ ಇನ್ನೊಬ್ಬನದು.

"ಲೈಸೆನ್ಸ್ ತಂದಿರಬೌದೇನೋ?"

"ಲೈಸೆನ್ಸ್ ಮನೆಗೆ ತಂದು ಕೊಡ್ತಾರಾ? ಬೀಗ ಹಾಕೋರೇ ಬರೋದು. ಸೋಮಂದೇಪಲ್ಲೀಲಿ ಒಬ್ಬನ ಮಿಕ್ಸೀನೂ ಎತ್ಕಂಡು ಹೋಗ್ಬುಟ್ರಂತೆ!"

ಐದೇ ನಿಮಿಷ. ಡಬ್ಬಿಗಳು ಮಂಚದ ಕೆಳಗೆ ಹೋದವು. ಮಿಕ್ಸಿ ಜ್ವರ ಬಂದ ಮಗುವಿನಂತೆ ಕಂಬಳಿ ಹೊದ್ದು ಮಲಗಿತು. ಅಂಗಡಿಯ ಬೋರ್ಡು ಮಗುಚಿಕೊಂಡು ಕೂರುವ ಹಲಗೆಯಾಯಿತು. ಅಮರೇಶಪ್ಪನ ಹೆಸರಿದ್ದ ಕಾಗದವೆಲ್ಲ, ಆಧಾರ್ ಕಾರ್ಡ್ ಸಮೇತ, ಆದೆಪ್ಪನ ಹೆಗಲ ಮೇಲಿದ್ದ ಬಟ್ಟೆಗಂಟು ಸೇರಿತು.

ಬಂದ ಅಧಿಕಾರಿ ಚಪ್ಪಲಿ ಹೊರಗೇ ಬಿಟ್ಟು ಕೈಮುಗಿದರು. "ಅಮರೇಶಪ್ಪಗಾರು?"

"ಅಂಗಡಿ ಎತ್ಕಂಡು ಕಲ್ಯಾಣದುರ್ಗಕ್ಕೆ ಹೋಗ್ಬುಟ್ರು ಸಾರ್. ಇವರು ಅವರ ತಮ್ಮ," ಎಂದು ಆದೆಪ್ಪ ಗಂಟು ಹೊತ್ತು ನಡೆದ.

ಅಮರೇಶಪ್ಪ ತನಗೆ ತಿಳಿದಷ್ಟು ತಮ್ಮನಂತೆ ನಕ್ಕ.

"ಶೇಂಗಾ ಹುರಿದ ಘಮ ಬರ್ತಿದೆಯಲ್ಲ?"

"ಅದು ಅಡಿಗೆ ಸಾರ್, ಬರೀ ಅಡಿಗೆ! ಉಂಡ್ಕಂಡು ಹೋಗಿ," ಎಂದಳು ಹೆಂಡತಿ ಗುರುಶಾಂತಮ್ಮ. ಹಲಗೆಯ ಮೇಲೆ ಕೂರಿಸಿ ಮುದ್ದೆ ಬಡಿಸಿ, ಅಭ್ಯಾಸಬಲದಿಂದ ಚಟ್ನಿಪುಡಿಯನ್ನೂ ಹಾಕಿದಳು. ಗಂಡ ಕಣ್ಣು ಕೆಕ್ಕರಿಸುವಷ್ಟರಲ್ಲಿ ತುಪ್ಪವೂ ಬಿದ್ದಿತ್ತು.

ಬೆರಳು ನೆಕ್ಕಿ ಮುಗಿಸಿದ ಅಧಿಕಾರಿ ಫೈಲಿನಿಂದ ಒಂದು ಹಾಳೆ ತೆಗೆದರು. "ಸೋಮವಾರ ಆರ್ಡರ್ ಇದೆ ಅಂತ ನಿಮ್ಮಣ್ಣ ಅರ್ಜೀಲಿ ಬರೆದಿದ್ರು. ಇವತ್ತು ನನಗೆ ರಜೆ. ಪಾಪ, ತಪ್ಪಿಹೋಗಬಾರದು ಅಂತ ಲೈಸೆನ್ಸ್ ನಾನೇ ತಂದೆ. ಆದರೆ ಕಲ್ಯಾಣದುರ್ಗ ಬೇರೆ ಜಿಲ್ಲೆ. ಅಲ್ಲೇ ಹೊಸ ಅರ್ಜಿ ಹಾಕಬೇಕು."

"ಸಾರ್! ನಾನೇ ಅಮರೇಶಪ್ಪ!"

ಅಧಿಕಾರಿಯ ಹುಬ್ಬು ಗಂಟಾಯಿತು. "ಈಗ ತಾನೆ ತಮ್ಮ ಅಂದ್ರಲ್ಲ? ಆಧಾರ್ ತೋರಿಸಿ."

ಅಮರೇಶಪ್ಪ ಬೀದಿಗೆ ಓಡಿದ. ಅಧಿಕಾರಿಯೂ ಹಿಂದೆಯೇ ಬಂದರು.

"ಆದೆಪ್ಪಾ, ನನ್ನ ಆಧಾರ್ ಕೊಡೋ! ನಾನ್ಯಾರು ಅಂತ ಹೇಳೋ!"

ಸುಟ್ಟ ಅಂಗಿ ಹಿಡಿದು ನಿಂತಿದ್ದ ಆದೆಪ್ಪ ಗೆಳೆಯನ ಬೆವೆತ ಮುಖವನ್ನೂ ಅವನ ಬೆನ್ನ ಹಿಂದಿದ್ದ ಫೈಲನ್ನೂ ನೋಡಿದ. ಅಧಿಕಾರಿ ಹೆದರಿಸಿ ಬಾಯಿ ಬಿಡಿಸುತ್ತಿದ್ದಾರೆ ಎಂದುಕೊಂಡು ಗಂಟಿನ ಮೇಲೆ ಗಟ್ಟಿಯಾಗಿ ಕೂತ.

"ಯಾವ ಆಧಾರ್? ದೇವುಡಿ ಮೇಲಾಣೆ ಸಾರ್, ಇವರು ತಮ್ಮನೇ!"

ಅಧಿಕಾರಿ ಹಾಳೆಯ ಮೇಲೆ ‘ಈ ವಿಳಾಸದಲ್ಲಿ ಅಂಗಡಿ ಇಲ್ಲ’ ಎಂದು ಬರೆದು, ಊಟಕ್ಕೆ ಮತ್ತೊಮ್ಮೆ ಕೈಮುಗಿದು ಹೊರಟರು.

ಅವರು ತಿರುವು ದಾಟಿದ ಮೇಲೆ ಆದೆಪ್ಪ ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದ:

"ಹೆದರ್ಬ್ಯಾಡ ಕಣಣ್ಣ. ಸಾಯೋಗಂಟ ನಿನ್ನ ಹೆಸರು ಬಾಯಿ ಬಿಡಾಕಿಲ್ಲ."